ಬುಟ್ಟಿಯಲ್ಲಿ ಉಳಿದ ಕಲ್ಲು

ನನಗೆ ಚಿಕ್ಕಂದಿನಿಂದ ಕೇಳುವ ಚಟ. ರಾಯಚೂರಿನ ಮನೆಯಲ್ಲಿ ಅಮ್ಮಿ ದಿನಕ್ಕೆ ಹತ್ತು ಸಲ "ಇತ್ತಾ ನಕ್ಕೋ ಪೂಛೋ" ಎಂದು ಗದರುತ್ತಿದ್ದಳು, ಇಷ್ಟೊಂದು ಕೇಳಬೇಡ ಅಂತ. "ಯಾಕೆ?" ಎಂದು ನಾನು ಅದನ್ನೂ ಕೇಳುತ್ತಿದ್ದೆ. ಈ ಚಟ ಹೊತ್ತುಕೊಂಡೇ ಎಪ್ಪತ್ತರ ದಶಕದ ಕೊನೆಯಲ್ಲಿ ಗಬ್ಬೂರಿಗೆ ಶಾಲೆ ಕಲಿಸಲು ಬಂದೆ. ವಯಸ್ಸು ಇಪ್ಪತ್ಮೂರು, ಒಂದು ಬಾಡಿಗೆ ಕೋಣೆ, ಭಾನುವಾರ ಮಾಡಲು ಕೆಲಸವಿಲ್ಲ.

ಚಳಿಗಾಲದ ಒಂದು ಭಾನುವಾರ ಬಸ್ಸು ಹತ್ತಿ, ಇಳಿದು, ಬಿಸಿಲಿಗೆ ಛತ್ರಿ ಬಿಚ್ಚಿ ಜೋಳದ ಹೊಲಗಳ ನಡುವೆ ಎರಡು ಮೈಲಿ ನಡೆದು ಕೃಷ್ಣೆಯ ದಂಡೆಗೆ ಹೋದೆ. ನದಿ ನೋಡುವ ಆಸೆ, ಅಷ್ಟೇ. ಎಷ್ಟು ತಂಪಾಗಿತ್ತು ಆ ಜಾಗ! ನೀರು ಬಂಡೆಗಳ ಸಂದಿಯಲ್ಲಿ ಅವಸರವಿಲ್ಲದೆ ಹರಿಯುತ್ತಿತ್ತು. ಬಿಳಿ ಕೊಕ್ಕರೆಗಳು ಒಂಟಿಕಾಲಲ್ಲಿ ನಿಂತಿದ್ದವು. ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಕೂತಿದ್ದಳು, ಅವಳ ಮುಂದೆ ಒಂದು ಬಿದಿರಿನ ಬುಟ್ಟಿ. ಆಚೆ ದಂಡೆಗೆ ಹೋಗುವ ಹರಿಗೋಲಿಗೆ ಏಳೆಂಟು ಜನ ಸೇರಿದ್ದರು. ಹತ್ತುವ ಮೊದಲು ಒಬ್ಬೊಬ್ಬರೂ ನೆಲದಿಂದ ಒಂದು ಸಣ್ಣ ಕಲ್ಲು ಆರಿಸಿ ಆ ಬುಟ್ಟಿಗೆ ಹಾಕಿದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಯಾಕ ಹಾಕ್ತಾರವ್ವಾ?"

"ಹೋಗೋರು ಹಾಕಬೇಕು, ಬಂದೋರು ತಗೋಬೇಕು," ಎಂದಳು ಮುದುಕಿ. "ನೀನೂ ಹೋಗಾಕಿ ಇದ್ರ ಒಂದು ಹಾಕು."

ಹೋಗುವ ಯೋಚನೆಯೇ ನನಗಿರಲಿಲ್ಲ. ಆದರೂ ಕೆಂಪು ಗೆರೆಯ ಒಂದು ಕಲ್ಲು ಹುಡುಕಿ ಹಾಕಿ, ಹರಿಗೋಲು ಹತ್ತಿಬಿಟ್ಟೆ. ಅಂಬಿಗನ ಹತ್ತಿರವೇ ಕೂತು ಅವನ ಜೀವ ತಿಂದೆ. ಯಾಕೆ, ಯಾವಾಗಿನಿಂದ, ಯಾರು ಶುರು ಮಾಡಿದರು?

ಅವನು ಹುಟ್ಟು ಹಾಕುತ್ತಲೇ ಹೇಳಿದ. ಬಹಳ ವರ್ಷದ ಹಿಂದೆ, ಮಳೆಗಾಲದಲ್ಲಿ, ಹೊಲದ ಕಸ ತೆಗೆಯಲು ಕೂಲಿಗೆ ಹೊರಟ ಹೆಣ್ಣುಮಕ್ಕಳ ಹರಿಗೋಲು ಇದೇ ಬಂಡೆಯ ಹತ್ತಿರ ಮಗುಚಿತು. ಎಷ್ಟು ಜನ ಹತ್ತಿದ್ದರೆಂದು ಯಾರೂ ಎಣಿಸಿರಲಿಲ್ಲ. ಒಬ್ಬರು ಹದಿನೆಂಟು ಅಂದರು, ಒಬ್ಬರು ಇಪ್ಪತ್ತು. ಮನೆ ಮನೆಗೆ ಹೋಗಿ ಕೇಳಿ, ಕಾಣದವರ ಲೆಕ್ಕ ಹಿಡಿದು ಹುಡುಕಿದರು. ಅಷ್ಟೂ ಜನ ಸಿಕ್ಕ ಮೇಲೆ ಹುಡುಕುವುದು ನಿಲ್ಲಿಸಿದರು.

"ಮುದುಕಿ ಮಗಳನ್ನ ಮಲ್ಲಟ ಅನ್ನೋ ಊರಿಗೆ ಕೊಟ್ಟಿದ್ರು ರೀ. ನಾಕು ದಿನ ತವರಿಗೆ ಬಂದಿದ್ಲು. ಅವತ್ತು ಅವ್ವಗ ಜ್ವರ, ಮೈಮ್ಯಾಲ ಖಬರ ಇಲ್ಲ. ಕೂಲಿ ತಪ್ಪಬಾರದಂತ ಅವ್ವನ ಬದಲಿ ಮಗಳು ಹೋದ್ಲು. ಯಾರೂ ನೋಡಿಲ್ಲ. ಆಕಿ ಗಂಡನ ಮನಿಗೆ ಹೋಗ್ಯಾಳ ಅಂತ ತಿಳಕೊಂಡ್ರು. ಗಂಡ ಕರಿಯಾಕ ಬಂದಾಗ ಗೊತ್ತಾತು."

"ಆಮೇಲೆ ಸಿಕ್ಕಳಾ?"

"ಎಲ್ಲಿ ರೀ? ಹೊಳಿ ಅಷ್ಟು ದಿನ ಕಾಯ್ತದ?"

ಅಂದಿನಿಂದ ಮುದುಕಿ ಬುಟ್ಟಿ ಇಟ್ಟುಕೊಂಡು ಕೂತಿದ್ದಾಳೆ. ಸಂಜೆ ಬುಟ್ಟಿ ಖಾಲಿಯಾಗದೆ ಮನೆಗೆ ಹೋಗುವುದಿಲ್ಲ. ಆಚೆ ದಂಡೆಯಲ್ಲಿ ಉಳಿಯುವವರು ಅಂಬಿಗನ ಕೈಯಲ್ಲಿ ಮಾತು ಹೇಳಿ ಕಳಿಸಬೇಕು, ಆಗ ಅವರ ಕಲ್ಲನ್ನು ತೆಗೆದು ಬೇರೆ ಇಡುತ್ತಾಳೆ. ಇದನ್ನೆಲ್ಲ ಅಂಬಿಗ ನನಗೆ ಬಿಡಿಸಿ ಹೇಳಿದ. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಆಚೆ ಊರಿನಲ್ಲಿ ಒಂದು ಕುಸಿದ ಹುಡೇವು, ಹಳೆಯ ಕಾವಲು ಬುರುಜು, ಕಂಡಿತು. ಕಟ್ಟಿದವರು ಯಾರು, ಕೆಡವಿದವರು ಯಾರು ಎಂದು ಕಂಡಕಂಡವರನ್ನು ಕೇಳುತ್ತಾ ಮಧ್ಯಾಹ್ನ ಕಳೆಯಿತು. ಅಷ್ಟರಲ್ಲಿ ಸೇತುವೆಯ ಮೇಲೆ ಹಾಯ್ದು ಹೋಗುವ ರಾಯಚೂರಿನ ಬಸ್ಸು ಬಂದು ನಿಂತಿತು. ಮನೆಗೆ ಹೋಗಿ ತಿಂಗಳಾಗಿತ್ತು. ಅಮ್ಮಿಯ ಕೈಯ ಬಿಸಿ ರೊಟ್ಟಿ ನೆನಪಾಗಿ ಹತ್ತಿ ಕೂತೆ. ಕಲ್ಲು ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ಬಸ್ಸು ಹೊರಟ ಮೇಲೆ ನೆನಪಾಯಿತು. ಒಂದು ಕಲ್ಲಿಗಾಗಿ ಯಾರು ಇಳಿಯುತ್ತಾರೆ ಎಂದುಕೊಂಡೆ. ಸೋಮವಾರ ರಸ್ತೆ ಹಿಡಿದು ನೇರ ಗಬ್ಬೂರಿಗೆ ಬಂದು, ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾ ವಾರ ಕಳೆದೆ.

ಮುಂದಿನ ಭಾನುವಾರ ಮತ್ತೆ ಆ ದಾರಿ ಹಿಡಿದೆ. ಮುದುಕಿಯನ್ನು ಕೇಳಲು ಇನ್ನೂ ಏನೇನೋ ಉಳಿದಿತ್ತು. ಹೊಲದಲ್ಲಿದ್ದ ಹೆಂಗಸೊಬ್ಬಳು ನನ್ನನ್ನು ಕಂಡು ಕೈಯಲ್ಲಿದ್ದ ಕುಡುಗೋಲು ಬಿಟ್ಟಳು.

"ಯವ್ವಾ! ಛತ್ರಿಯಾಕಿ ಬಂದಾಳ! ಜೀವಂತ ಅದಾಳ ಬರ್ರಿ!"

ನನಗೆ ನಗು ಬಂತು. ಯಾರನ್ನೋ ಎಂದು ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಅವಳು ಓಡಿಬಂದು ನನ್ನ ರಟ್ಟೆ ಹಿಡಿದು ದಡದಡ ನಡೆಸಿದಳು. "ಗಂಡಸರು ಮೂರು ದಿನ ನೀರಾಗ ಮುಳುಗಿ ಹುಡುಕ್ಯಾರ ನಿನ್ನ. ಆಚಿ ಊರಾಗ ಕೇಳಿದ್ರ ಹುಡೇವಿನ ಹಂತ್ಯಾಕ ನೋಡಿದ್ವಿ ಅಂತಾರ, ಹೋಗಿದ್ದು ಯಾರಿಗೂ ಗೊತ್ತಿಲ್ಲ. ಮುದುಕಿ ಮರದ ಬುಡ ಬಿಟ್ಟಿಲ್ಲ. ರೊಟ್ಟಿ ಅಲ್ಲಿಗೇ ಒಯ್ದು ಕೊಡಾಕತ್ತೀವಿ."

ಹರಿಗೋಲು ದಂಡೆಯಲ್ಲಿ ಬೋರಲು ಬಿದ್ದಿತ್ತು. ಕೊಕ್ಕರೆಗಳು ಅದೇ ಬಂಡೆಯ ಮೇಲಿದ್ದವು, ನೀರು ಅದೇ ನಿಧಾನದಲ್ಲಿ ಹರಿಯುತ್ತಿತ್ತು. ಮುದುಕಿಯ ಮುಂದಿನ ಬುಟ್ಟಿಯಲ್ಲಿ ಕೆಂಪು ಗೆರೆಯ ಕಲ್ಲೊಂದೇ ಇತ್ತು.

ಅವಳು ಮರ ಹಿಡಿದು ಎದ್ದಳು. ಹತ್ತಿರ ಬಂದು ನನ್ನ ಮುಖ ನೋಡಿ ಕೆನ್ನೆಗೆ ಒಂದು ಬಿಟ್ಟಳು. ನಮ್ಮ ಅಮ್ಮಿ ಕೂಡ ಹಾಗೆ ಹೊಡೆದವಳಲ್ಲ. ಮರುಕ್ಷಣ ಅದೇ ಕೈಯಿಂದ ಕೆನ್ನೆ ಸವರಿ "ಜೋರಾಗಿ ಬಿತ್ತೇನು?" ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

"ನಂದು ತಪ್ಪಾತವ್ವಾ," ಅಂದೆ.

"ದಿನಾ ನೀರಿಗೆ ನಿಂತು ಕರದೀನಿ ಬೇ ನಿನ್ನ. ಏನಂತ ಕರೀಲಿ? ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ನಮ್ದೆಲ್ಲಾ ಕೇಳಿ ತಿಳಕೊಂಡಿ, ನಿಂದೊಂದು ಹೇಳಲಿಲ್ಲ. ಕಡೀಗೆ ನನ್ನ ಮಗಳ ಹೆಸರು ಹಿಡದು ಕರದೆ."

ನಾನು ಹೆಸರು ಹೇಳಿದೆ. ಗಬ್ಬೂರಿನ ಶಾಲೆ, ರಾಯಚೂರಿನ ಓಣಿ, ಅಪ್ಪನ ಅಂಗಡಿ, ಕೇಳದಿದ್ದರೂ ಎಲ್ಲಾ ಹೇಳಿದೆ. ನನ್ನ ಹೆಸರು ಅವಳ ನಾಲಿಗೆಗೆ ಒಗ್ಗಲಿಲ್ಲ. ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಬಗ್ಗಿ ಬುಟ್ಟಿಯಿಂದ ಕಲ್ಲು ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಿಸಿದಳು. ಬುಟ್ಟಿಯನ್ನು ಮಣ್ಣು ಕೊಡವಿ ಬಗಲಿಗಿಟ್ಟುಕೊಂಡು, ಎಂಟು ದಿನದ ಮೇಲೆ ಮನೆಗೆ ಹೊರಟಳು.