ಹೊಗಿ ಚಾಚಾ

ಚಾಚಾರ ಗಡ್ಡ ಪೂರಾ ಬೆಳ್ಳಗ, ಮೂಗಿನ ಕೆಳಗಷ್ಟೇ ಕರ್ರಗ. ಬಣ್ಣ ಅಲ್ಲ, ಮಸಿ. ಆಳಂದ ಬಸ್ ಸ್ಟ್ಯಾಂಡ್ ಬಾಜೂಕ ಹಳೇ ವ್ಯಾನ್‌ದಾಗ ಮಷೀನ್ ಇಟ್ಕೊಂಡು ಗಾಡಿಗೋಳ ಹೊಗಿ ಟೆಸ್ಟ್ ಮಾಡ್ತಿದ್ರು. ಸೈಲೆನ್ಸರ್‌ದಾಗ ಪೈಪ್ ಹಾಕೋಕಿಂತ ಮೊದ್ಲ ತಾವೇ ಬಗ್ಗಿ ಮೂಸೋರು. ನಾವು ಡ್ರೈವರ್ ಮಂದಿ ಹೊಗಿ ಚಾಚಾ ಅಂತಿದ್ವಿ.

ನಾ ಟಂಟಂ ಹೊಡಿತೇನಿ, ಮೂರು ಗಾಲಿ ಡೀಸೆಲ್ ಗಾಡಿ. ನಮ್ಮ ಕಡಿ ಟಂಟಂಗ ಹಿಂದ ಒಂದು ಹಲಗಿ ಇರ್ತದ. ಹಿಂದಕ ಮಾರಿ ಮಾಡಿ ಕುಂದ್ರಬೇಕು, ಕಾಲು ಸೈಲೆನ್ಸರ್ ಮ್ಯಾಲ ಜೋತಾಡ್ತಾವ. ದೊಡ್ಡೋರು ಒಳಗ, ಸಾಲಿ ಹುಡುಗ್ರು ಆ ಹಲಗಿ ಮ್ಯಾಲ. ಎಲ್ಲಾರೂ ಹಂಗೇ ಕುಂದ್ರಸ್ತಾರ.

ಚಾಚಾರ ಎದುರಿಗೇ ಒಬ್ಬಾವ ಹೊಸ ಅಂಗಡಿ ತೆಗದ. ಗಾಡಿ ತರೋದೇ ಬ್ಯಾಡ, ನಂಬರ್ ಪ್ಲೇಟ್ ಫೋಟೋ ಕಳಿಸಿದ್ರ ಸಾಕು, ಸರ್ಟಿಫಿಕೇಟ್ ಬರ್ತದ. ಮಂದಿ ಎಲ್ಲಾ ಅಲ್ಲಿಗೇ ಹ್ವಾದ್ರು. ಚಾಚಾ ಖಾಲಿ ಕುಂತ್ರು.

"ಚಾಚಾ, ಗಾಡಿ ಇಲ್ಲಂದ್ರ ನನ್ನ ಬೀಡಿನಾರ ಟೆಸ್ಟ್ ಮಾಡ್ರಿ" ಅಂದ ಒಬ್ಬ ಡ್ರೈವರ್.

"ಅದೂ ಫೇಲ್ ಲೇ" ಅಂದ್ರು ಚಾಚಾ.

ಮನ್ಯಾಗ ಮಗ ಜಗಳ ತೆಗದಿದ್ದ. ನೀವೂ ಫೋಟೋ ಮ್ಯಾಲ ಕೊಡ್ರಿ, ಇಲ್ಲಂದ್ರ ವ್ಯಾನ್ ಮಾರೋದೇ ಅಂತ. ಚಾಚಾ ಕೇಳ್ಲಿಲ್ಲ.

ನನಗ ಮನಸ್ಸಿಗಿ ತಡೀಲಿಲ್ಲ. ಹೋಗಿ, ನಂದು ಹಂಗೇ ಪಾಸ್ ಮಾಡ್ರಿ, ಒಂದು ಗಾಡಿ ಆದ್ರೂ ನಿಮಗ ಬರ್ತದ ಅಂದೆ. ಚಾಚಾ ಚಾವಿ ಇಸ್ಕೊಂಡ್ರು. "ಹಿಂದ ಹಲಗಿ ಮ್ಯಾಲ ಕುಂದ್ರು" ಅಂದ್ರು. ತಾವೇ ಹೊಡ್ಕೊಂಡು ಊರ ಹೊರಗಿನ ಏರು ಹತ್ತಿಸಿದ್ರು. ನಂದೇ ಗಾಡಿ, ನಂದೇ ಹೊಗಿ. ಕಣ್ಣಾಗ ನೀರು, ಉಸುರು ನಿಂತಂಗ ಆಯ್ತು. ಇಳಿದು ಕೆಮ್ಮಿ ಕೆಮ್ಮಿ ಸಾಕಾದೆ.

ಚಾಚಾ ನಿಂತು ನೋಡಿದ್ರು. "ನಿನಗ ಒಂದು ಸಲ. ಆ ಕೂಸುಗೋಳಿಗಿ ದಿನಾ ಹೋಗ್ತಾ ಬರ್ತಾ. ಪಾಸ್ ಅಂತ ನಾ ಹ್ಯಾಂಗ ಕೊಡ್ಲಿ ಬೇಟಾ?"

ಸೀದಾ ಮೇಸ್ತ್ರಿ ಹತ್ರ ಕರ್ಕೊಂಡು ಹ್ವಾದ್ರು. ನಾಜಲ್, ಏರ್ ಫಿಲ್ಟರ್ ಎಲ್ಲಾ ಸಾಫ್ ಮಾಡಿಸಿದ್ರು. ಆಮ್ಯಾಲ ಪೈಪ್ ಹಾಕಿ ನೋಡಿದ್ರು. ಪಾಸ್ ಆಯ್ತು.

ವ್ಯಾನ್ ಉಳೀಲಿಲ್ಲ, ಮಗ ಮಾರಿದ. ಚಾಚಾ ಹಾಸಿಗಿ ಹಿಡದ್ರು, ಈ ಚಳಿಗಾಲದಾಗ ಹ್ವಾದ್ರು. ಖಬರಸ್ತಾನಕ ಹೋಗಿ ನಾನೂ ಮಣ್ಣು ಕೊಟ್ಟೆ. ನಾವು ಲಿಂಗಾಯತರೂ ಮಣ್ಣಾಗೇ ಇಡೋ ಮಂದಿ, ಕೈಗಿ ಹೊಸಾದು ಅನಿಸ್ಲಿಲ್ಲ.

ನಿನ್ನಿ ಆ ಅಂಗಡಿಯಾವ ಕರದು, ನಿಂದು ಸರ್ಟಿಫಿಕೇಟ್ ಡೇಟ್ ಮುಗಿಯಾಕತ್ತದ, ಫೋಟೋ ಕಳಿಸು ಅಂದ. ಕಳಿಸ್ಲಿಲ್ಲ. ನಾಳಿ ಒಂದಿನದ ಬಾಡಿಗಿ ಬಿಟ್ಟು ಗಾಡಿ ತಗೊಂಡು ಅಫಜಲಪುರಕ ಹೋಗ್ತೇನಿ. ಅಲ್ಲಿ ಇನ್ನೂ ಪೈಪ್ ಹಾಕೇ ನೋಡ್ತಾರಂತ.