ಮೂರನೆಯ ಸ್ಲೋವೊ

ವೆರೋನಾ ಹುಟ್ಟಿದ್ದು ಸರ್ಬಿಯಾದ ಬಾಚ್ಕಾ ಬಯಲಿನ ಸ್ಲೋವಾಕರ ಹಳ್ಳಿಯಲ್ಲಿ. ಅವಳ ಮನೆಯವರಿಗೆ ‘ಸ್ಲೋವೊ’ ಅಂದರೆ ಮಾತು. ಶಾಲೆಗೆ ಹೋದರೆ ಸರ್ಬಿಯನ್ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಅಕ್ಷರವನ್ನೂ ಸ್ಲೋವೊ ಅಂದರು. ಸರಿ, ಅದೂ ಇರಲಿ ಅಂತ ಕಲಿತಳು. ಆಮೇಲೆ ಅಲ್ಲಿನ ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದ ನಮ್ಮೂರಿನ ಶ್ಟೆವಾನನ ಕೈಹಿಡಿದು ಮುರಾ ನದಿ ದಾಟಿ ನಮ್ಮೂರಿಗೆ ಬಂದಳು. ಬಂದ ಚಳಿಗಾಲದಲ್ಲೇ ಮಾವ ತೀರಿಕೊಂಡ. ಇಗರ್ಜಿಯ ಹಾಡುಗಾರ ಕಲ್ಮಾನ್ ಶವಪೆಟ್ಟಿಗೆಯ ಪಕ್ಕ ನಿಂತು, ಸತ್ತವನ ಬಾಯಾಗಿ, ಮನೆಯವರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ನಾನು ಹೊರಟೆ ಅಂತ ಹಾಡಿದ. ನಮ್ಮ ಭಾಷೆಯಲ್ಲಿ ಸ್ಲೋವೊ ಅಂದರೆ ಅದು, ಕೊನೆಯ ವಿದಾಯ. ನಿನ್ನೆ ಮೊನ್ನೆ ಬಂದ ಸೊಸೆಯ ಹೆಸರೂ ಅದರಲ್ಲಿ ಬಂದಾಗ ವೆರೋನಾ ಬಿಕ್ಕಿ ಬಿಕ್ಕಿ ಅತ್ತಳು. ತಾನು ಈ ಮನೆಯವಳು ಅಂತ ಅವಳಿಗೆ ಅನ್ನಿಸಿದ್ದೇ ಅವತ್ತು.

ಹೆಸರು ಬಾರದಿದ್ದರೆ? ಅಯ್ಯೋ, ಆ ಗತಿ ಯಾರಿಗೂ ಬೇಡ. ಸತ್ತವನು ಕ್ಷಮಿಸದೇ ಹೋದ ಅಂತ ಊರಿಗೆ ಊರೇ ತಿಳಿಯುತ್ತದೆ.

ವೆರೋನಾಗೆ ಇಬ್ಬರು ಮಕ್ಕಳು, ಇಲ್ಕಾ ಮತ್ತು ಲಾಯೋಶ್. ಲಾಯೋಶ್ ದ್ರಾಕ್ಷಿ ಕೊಯ್ಲಿನ ಕುಣಿತಕ್ಕೆ ಹೋಗಲು ಅಕ್ಕನ ಮೊಪೆಡ್ ಕೇಳಿದ. ಅಪ್ಪ ಬೇಡ ಅಂದಿದ್ದರೂ ಇಲ್ಕಾ ಕೊಟ್ಟಳು. ಸೇತುವೆಯ ಹತ್ತಿರ ಮೊಪೆಡ್ ಉರುಳಿ ಹುಡುಗ ಹೋಗಿಯೇಬಿಟ್ಟ. ಅಲ್ಲಿಂದಾಚೆಗೆ ಶ್ಟೆವಾನ್ ಮಗಳ ಹೆಸರೆತ್ತಲಿಲ್ಲ. ಎಂಥ ಹಟಮಾರಿ ಅಂತೀರಿ! ಅವಳು ಗಡಿಯಾಚೆ ಗ್ರಾಜ್‌ನ ಕಾರ್ಖಾನೆ ಸೇರಿ, ಕ್ರಿಸ್‌ಮಸ್‌ಗೆ ಬಂದರೆ, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಕೊಟ್ಟಿಗೆಗೆ ಎದ್ದುಹೋಗುತ್ತಿದ್ದ. ವೆರೋನಾ ಇಬ್ಬರ ನಡುವೆ ಬಾಯಿಬಿಡದೆ ಸೂಪು ಬಡಿಸುತ್ತಿದ್ದಳು.

ಹಾಸಿಗೆ ಹಿಡಿದಾಗ ಶ್ಟೆವಾನ್ ಕಲ್ಮಾನನನ್ನು ಕರೆಸಿ, ತನ್ನ ಸ್ಲೋವೊದಲ್ಲಿ ಮಗಳ ಹೆಸರು ಕೂಡದು ಅಂದ. ಅದಾದ ವಾರದಲ್ಲೇ ಕಣ್ಣು ಮುಚ್ಚಿದ.

ಇಲ್ಕಾ ಬಂದಳು. ಅಪ್ಪನ ಮುಖ ನೋಡಿ, ಅಮ್ಮನನ್ನು ಒಂದೇ ಒಂದು ಮಾತು ಕೇಳಿದಳು, ತನ್ನ ಹೆಸರು ಬರುತ್ತಾ ಅಂತ. ಬರುತ್ತೆ ಅಂದುಬಿಟ್ಟಳು ವೆರೋನಾ. ಅಂದವಳೇ ಶಾಲು ಹೊದ್ದು ಕಲ್ಮಾನನ ಮನೆಗೆ ಓಡಿದಳು.

ಕಲ್ಮಾನ್ ಕುಂಬಳಬೀಜ ಸುಲಿಯುತ್ತ ಕೂತಿದ್ದ. ಶ್ಟೆವಾನನ ಜೊತೆ ಆಡಿ ಬೆಳೆದವನು, ಕೆಟ್ಟವನೇನಲ್ಲ. ಅವಳು ಬೇಡಿಕೊಂಡಳು, ಬೈದಳು, ಕೊನೆಗೆ ಅತ್ತಳು.

“ನೋಡಮ್ಮ ವೆರೋನಾ, ಅಲ್ಲಿ ನಾನು ನನ್ನ ಮಾತು ಹಾಡೋನಲ್ಲ. ಬೇಡ ಅಂತ ಹೇಳಿ ಸತ್ತವನ ಬಾಯಲ್ಲಿ ಹೆಂಗೆ ಹೇಳಿಸ್ಲಿ? ನಾಳೆ ಯಾರು ನನ್ನ ನಂಬ್ತಾರೆ?”

“ನೀವೂ ಹೆಣ್ಣು ಹೆತ್ತೋರಲ್ವಾ?”

ಕಲ್ಮಾನ್ ಮತ್ತೊಂದು ಬೀಜ ಸುಲಿದ. ಮನೆಗೆ ಬಂದ ವೆರೋನಾ ಮಗಳಿಗೆ ಏನೂ ಹೇಳಲಿಲ್ಲ. ಹೇಳಲು ಅವಳಿಗೆ ಧೈರ್ಯ ಸಾಲಲಿಲ್ಲ.

ಮಣ್ಣಿಗೆ ಊರೆಲ್ಲ ಸೇರಿತ್ತು. ಕಲ್ಮಾನ್ ಶುರು ಮಾಡಿದ. ಹೆಂಡತಿ ವೆರೋನಾ, ನಾನು ಹೊರಟೆ. ತಂಗಿ ರೋಜಿನಾ, ನಾನು ಹೊರಟೆ. ಬದುವಿಗಾಗಿ ಜನ್ಮವಿಡೀ ಜಗಳವಾಡಿದ ಪಕ್ಕದ ಹೊಲದವನ ಹೆಸರೂ ಬಂತು, ಅವನು ಟೋಪಿ ತೆಗೆದು ಕಣ್ಣೊರೆಸಿಕೊಂಡ. ಇಲ್ಕಾ ತನ್ನ ಸರದಿಗೆ ತಲೆ ಬಾಗಿಸಲು ಸಿದ್ಧಳಾಗಿ, ಕೈಕಟ್ಟಿ ಕಾಯುತ್ತಿದ್ದಳು. ಕಲ್ಮಾನ್ ಅವಳ ಹೆಸರೆತ್ತದೆ ಕೊನೆಯ ಸಾಲು ಮುಗಿಸಿ ನಿಲ್ಲಿಸಿದ. ಪಾಪ, ಆ ಹುಡುಗಿಯ ಮುಖ ನೋಡುವ ಹಾಗಿರಲಿಲ್ಲ.

ಸ್ಲೋವೊ ನಡೆಯುವಾಗ ಮನೆಯವರು ತುಟಿ ಬಿಚ್ಚುವ ಹಾಗಿಲ್ಲ. ವೆರೋನಾ ಬಿಚ್ಚಿದಳು. ರಾಗ ಬಾರದು, ಹಾಗೇ ಹೇಳಿದಳು.

“ಇಲ್ಕಾ, ಮಗಳೇ, ನಾನು ಹೊರಟೆ. ನಿನ್ನ ಮೇಲೆ ಕೋಪ ಇಲ್ಲ ಕಣೇ. ನೀನು ಬೇಕಂತ ಮಾಡಿದ್ದಲ್ಲ.”

ಹೆಂಗಸರು ಶಿಲುಬೆ ಗುರುತು ಹಾಕಿಕೊಂಡರು. ಯಾರೋ ಹಿಂದಿನಿಂದ ಛೆ ಅಂದರು. ಕಲ್ಮಾನ್ ತಡೆಯಲೂ ಇಲ್ಲ, ಆಮೆನ್ ಅನ್ನಲೂ ಇಲ್ಲ. ಇಲ್ಕಾ ತಲೆ ಬಾಗಿಸಲಿಲ್ಲ. ಅಮ್ಮನ ಹತ್ತಿರ ಬಂದು ಕೈ ಹಿಡಿದುಕೊಂಡಳು.

“ಅಪ್ಪ ಹೇಳಿದ್ದಲ್ಲ ಅದು, ನಂಗೊತ್ತು,” ಅಂದಳು ಮೆಲ್ಲಗೆ. “ಆದ್ರೆ ಅಮ್ಮಾ, ಇಷ್ಟು ವರ್ಷ ನೀನೂ ಹೇಳಿರ್ಲಿಲ್ಲ.”

ಹೌದು, ವೆರೋನಾ ಹೇಳಿರಲಿಲ್ಲ. ಮೊದಲು ಗಂಡ ಹೇಳಲಿ ಅಂತ ಕಾದಿದ್ದಳು.