ಹಾಲಿನಲ್ಲಿ ಬೆಂದ ಮೀನು

ಎಂಬತ್ತರ ದಶಕದ ಮಾತು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಹೇವರ್ಡಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಸ್ಕಾಟ್ಲೆಂಡಿನ ಅಜ್ಜಿಯೊಬ್ಬರಿದ್ದರು. ನಾನಾಗ ಏಳು ತಿಂಗಳ ಬಸುರಿ. ಬಾಣಂತನಕ್ಕೆಂದು ಮಂಡ್ಯದಿಂದ ಬಂದ ಅಮ್ಮ ಎರಡೇ ವಾರಕ್ಕೆ ಹಟ ಹಿಡಿದಿದ್ದಳು: "ಮಾತಾಡಕ್ಕೆ ಒಂದು ನರಪಿಳ್ಳೆ ಇಲ್ವಲ್ಲೇ ಇಲ್ಲಿ. ನಾನ್ ಹೊಂಟೋಯ್ತೀನಿ, ಟಿಕೆಟ್ ಮಾಡ್ಸು." ಚೊಚ್ಚಲ ಹೆರಿಗೆ, ಅಮ್ಮನಿಲ್ಲದೆ ಹೇಗೆ ಎಂದು ನನಗೆ ಒಳಗೊಳಗೇ ಪುಕಪುಕ.

ಒಂದು ಭಾನುವಾರ ಆ ಅಜ್ಜಿ ಪಾತ್ರೆ ಹಿಡಿದು ಬಂದರು. ಅವರೂರಿನ ಸೂಪಂತೆ, ಹೆಸರು ಕಲನ್ ಸ್ಕಿಂಕ್. ಹೊಗೆ ಹಿಡಿಸಿದ ಮೀನು, ಆಲೂಗೆಡ್ಡೆ, ಈರುಳ್ಳಿ. ಮೀನಿನ ವಾಸನೆಗೆ ಅಮ್ಮನ ಮುಖ ಅರಳಿತು. ಮುಚ್ಚಳ ತೆಗೆದಳು. ಒಳಗೆ ಬೆಳ್ಳಗೆ ಹಾಲು!

"ಅಯ್ಯೋ, ಹಾಲ್‌ಗೆ ಮೀನಾ? ತೊನ್ನ್ ಬತ್ತದೆ ಕಣೇ! ಬಸ್ರಿ ನೀನು, ಮುಟ್ಬ್ಯಾಡ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜಿ ನಕ್ಕು, ಎಪ್ಪತ್ತು ವರ್ಷದಿಂದ ತಿನ್ನುತ್ತಿದ್ದೇನೆ, ಏನಾಗಿದೆ ನೋಡಲಿ ಎಂದು ಅಂಗಿಯ ತೋಳು ಮಡಚಿ ಕೈ ಚಾಚಿದರು. ಸುಣ್ಣದಷ್ಟು ಬಿಳಿ ಕೈ, ಅದರ ತುಂಬ ಕಂದು ಮಚ್ಚೆ.

"ನಾನೇನಂದೆ?" ಎಂದಳು ಅಮ್ಮ, ಗೆದ್ದವಳಂತೆ ಆ ಮಚ್ಚೆಗಳತ್ತ ಬೆರಳು ತೋರಿಸಿ.

ನಗು ತಡೆಯಲಾಗದೆ ನಾನು ಅನುವಾದವನ್ನೇ ಬಿಟ್ಟೆ. ಅಮ್ಮನ ಬೆರಳು ನೋಡಿಯೇ ಅಜ್ಜಿಗೆ ಅರ್ಥವಾಗಿತ್ತು. ಕಣ್ಣೊರೆಸಿಕೊಂಡು ನಕ್ಕರು.

ಮರುದಿನ ಅಮ್ಮ ಫಿಲಿಪಿನೋ ಅಂಗಡಿಯಿಂದ ತೆಂಗಿನ ಹಾಲಿನ ಡಬ್ಬಿ ತರಿಸಿ, ಅದೇ ಮೀನಿಗೆ ಹಸಿಮೆಣಸಿನಕಾಯಿ ಹಾಕಿ ಕುದಿಸಿದಳು. ಇದು ನಮ್ಮ ಸೂಪೇ ಅಲ್ಲ ಎಂದ ಅಜ್ಜಿ, ಮೂಗು ಸೊರಸೊರ ಎನ್ನಿಸುತ್ತ ಇನ್ನೊಂದು ಬಟ್ಟಲಿಗೆ ಕೈಚಾಚಿದರು. ಅಲ್ಲಿಂದ ಪ್ರತಿ ಭಾನುವಾರ ಒಂದೇ ಒಲೆಯ ಮೇಲೆ ಎರಡು ಪಾತ್ರೆ. ಒಬ್ಬರದು ಕನ್ನಡ, ಒಬ್ಬರದು ಇಂಗ್ಲಿಷು. ಇಬ್ಬರೂ ಇನ್ನೊಬ್ಬರ ಪಾತ್ರೆಗೆ ಹೆಸರಿಡುವವರೇ. ಜಗಳಕ್ಕೆ ಜೊತೆ ಸಿಕ್ಕಿತು, ಟಿಕೆಟಿನ ಮಾತು ನಿಂತಿತು.

ನಾನೋ, ಅಮ್ಮ ಮಲಗಿದ ಮಧ್ಯಾಹ್ನ ಪಕ್ಕದ ಮನೆಗೆ ಜಾರಿ ಹಾಲಿನದನ್ನೇ ಕುಡಿದು ಬರುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲುಗಳಲ್ಲೂ ತಿಂದಿದ್ದೇನೆ, ಆ ರುಚಿ ಸಿಗಲಿಲ್ಲ. ಆಗ ಮಾತ್ರ, ಈ ಕಳ್ಳತನ ಅಮ್ಮನಿಗೆ ತಿಳಿದರೆ ಮಾರನೆಯ ದಿನವೇ ವಿಮಾನ ಹತ್ತುತ್ತಾಳೆಂದು ಭಯವೂ ಇತ್ತು.

ಮಗಳು ಹುಟ್ಟಿದಳು. ಆಸ್ಪತ್ರೆಯಲ್ಲಿ ಅಮ್ಮ ಮಗುವಿನ ಬಟ್ಟೆ ಬಿಚ್ಚಿ ಕೈ, ಕಾಲು, ಬೆನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಏನ್ ಹುಡುಕ್ತಿದ್ದೀಯಮ್ಮ?"

"ಬೆಕ್ಕು ಕಣ್ಮುಚ್ಕಂಡು ಹಾಲು ಕುಡುದ್ರೆ ಜಗತ್ತಿಗೆ ಗೊತ್ತಾಗಕಿಲ್ವಾ?" ಎಂದಳು. ನನಗೆ ಅಳು, ನಗು ಎರಡೂ ಬಂತು.

ಅವಳು ಮಗುವನ್ನು ಮತ್ತೆ ಬೆಚ್ಚಗೆ ಸುತ್ತಿದಳು. "ಏನೂ ಆಗಿಲ್ಲ ಬುಡು. ಆವಮ್ಮನ್ ಕೈಲಿ ಒಂದ್ ಬಟ್ಲು ತರ್ಸು. ನಾನೂ ಒಸಿ ನೋಡ್ತೀನಿ."